ಗಟ್ಟಿ ದೊಡ್ಡಿ

ಹಳೆಯ ಮುಳ್ಳುಬೇಲಿ ಕಿತ್ತು ಗಂಡ ಕಲ್ಲುಕಂಬದ ದೊಡ್ಡಿ ಕಟ್ಟಿದ. ಅದರ ಒಂದು ಮಗ್ಗುಲಿಗೆ ಒಂದೇ ದನ ಹಿಡಿಸುವಷ್ಟು ಅಗಲದ ಓಣಿ. ಹೆಂಡತಿಯೂ ಕಲ್ಲು ಹೊತ್ತಳು. ದನಗಳೆಲ್ಲ ಅವಳು ತವರಿನಿಂದ ತಂದ ಒಂದು ಕರುವಿನ ಸಂತತಿ.

"ಇಷ್ಟು ಇಕ್ಕಟ್ಟು ಯಾಕೆ?"

"ಸೂಜಿ ಹಾಕೋವಾಗ ದನ ಹಿಂದಕ್ಕೆ ತಿರುಗಬಾರದು ಕಣೇ. ಹೋದ ವರ್ಷ ಕಾಲುಬಾಯಿ ಜ್ವರಕ್ಕೆ ಕರು ಹೋಗಿದ್ದು ಮರೆತೋಯ್ತಾ?"

"ಕೊನೇಲಿ ನೆಲ ಯಾಕೆ ಏರ್ತದೆ?"

"ನೀರು ನಿಲ್ಲಬಾರದು ಅಂತ."

ದನಗಳು ಓಣಿಗೆ ಹೆದರಿದವು. ಅವಳೇ ದಿನವೂ ಬೂಸದ ಬುಟ್ಟಿ ಹಿಡಿದು, "ಬಾ ನನ್ನವ್ವ, ಬಾ" ಎಂದು ಕರೆಯುತ್ತ ಮುಂದೆ ನಡೆದು ರೂಢಿ ಮಾಡಿಸಿದಳು.

ಅಷ್ಟರಲ್ಲಿ ತವರಿನಿಂದ ನಾಮಕರಣಕ್ಕೆ ಕರೆ ಬಂತು.

"ಹಾಲು ಕರೆಯೋರು ಯಾರು? ನಿಮ್ಮನ್ನ ಕಂಡ್ರೆ ಒದೀತವೆ."

"ನೀನು ಉಟ್ಟ ಸೀರೆ ಒಂದು ಬಿಟ್ಟೋಗು. ಅದನ್ನ ಸುತ್ಕೊಂಡ್ರೆ ವಾಸನೆಗೆ ಸುಮ್ಮನಿರ್ತವೆ. ನಮ್ಮಪ್ಪನೂ ಹಂಗೇ ಕರೀತಿದ್ದ."

ಅವಳು ನಗುತ್ತ ಹಸಿರು ಸೀರೆಯನ್ನು ಒಗೆಯದೆ ಬಿಟ್ಟು ಹೋದಳು.

ದನಗಳ ಚಿಂತೆ ತಡೆಯದೆ ಒಂದು ದಿನ ಮೊದಲೇ ಮರಳಿದಳು. ಓಣಿಯ ಏರಿನ ತುದಿಗೆ ಸರಿಸಮನಾಗಿ ಕಟುಕರ ಲಾರಿ ಹಿಂಬದಿ ಕೊಟ್ಟು ನಿಂತಿತ್ತು. ದನಗಳು ಒಂದರ ಹಿಂದೊಂದು, ಹೆದರದೆ, ಹತ್ತುತ್ತಿದ್ದವು.

ಲಾರಿಯೊಳಗೆ ಹಸಿರು ಸೀರೆ ಸುತ್ತಿಕೊಂಡ ಗಂಡ ಬೂಸದ ಬುಟ್ಟಿ ಹಿಡಿದು, ಅವಳದೇ ರಾಗದಲ್ಲಿ ಕರೆಯುತ್ತಿದ್ದ: "ಬಾ ನನ್ನವ್ವ, ಬಾ."