ನೀಲವ್ವ ಅತ್ತ ಪುಟ

ಕಲಿತ ಓದು ಯಾರ ತಲೆಯಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಫಕೀರಪ್ಪನಿಗೆ ಹೋಳಿಹುಣ್ಣಿಮೆಗೆ ಮರೆತುಹೋದರೆ, ಹೆಂಡತಿ ನೀಲವ್ವನಿಗೆ ದೀಪಾವಳಿಗೆ. ಎಲ್ಲ ಮನೆಗಳಂತೆ ಅವರೂ ಒಬ್ಬರಿಗೊಬ್ಬರು ಅಕ್ಷರ ತಿದ್ದಿಸುತ್ತಲೇ ಮುದುಕರಾಗಿದ್ದರು.

ಈ ಸಲ ಹೋಳಿ ಮುಗಿದು ಅವನು ಪಾಟಿ ತಂದಾಗ ನೀಲವ್ವ ಗೋಡೆಗೊರಗಿದಲ್ಲಿಂದ ಏಳಲಿಲ್ಲ. “ಸಾಕಾಗೇತ್ರಿ. ಈ ವರ್ಷ ಬಿಟ್ಟುಬಿಡೂಣು.”

“ಬಿಟ್ಟರ ದೀಪಾವಳಿಗೆ ನಿನಗ ಯಾರು ಕಲಿಸ್ತಾರ? ನಮ್ಮ ಮನ್ಯಾಗ ಓದು ಮುಗದಂಗ.”

“ಮುಗೀಲಿ. ನೀವೇನು ಇನ್ನ ಮಾಸ್ತರಕಿ ಮಾಡೋರೇನು?”

ಅವನು ನಗಲಿಲ್ಲ. “ಆ ಕಥಿ ಪುಸ್ತಕದಾಗ ನಾ ನಕ್ಕ ಪುಟ ಓದಿ ನೀ ಅತ್ತಿದ್ದಿ. ಯಾಕಂತ ನನಗಿನ್ನೂ ತಿಳಿದಿಲ್ಲ. ಇನ್ನೊಮ್ಮೆ ಓದಬೇಕು.”

ನೀಲವ್ವ ಅವನನ್ನೇ ನೋಡಿದಳು. ಆಮೇಲೆ ನಿಟ್ಟುಸಿರುಬಿಟ್ಟು, ಅವನ ಒರಟು ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸತೊಡಗಿದಳು.