ಚಿದಾನಂದನ ಮಾದರಿ ಬಜೆಟ್

ಶನಿವಾರ ಮಧ್ಯಾಹ್ನ ಮೂರು ಗಂಟೆ. ಖರ್ಚಿನ ಪುಸ್ತಕ ಮತ್ತೆ ಕಾಣೆಯಾಗಿತ್ತು.

ಇದು ಮೂರನೇ ವಾರ. ಹೆಂಡತಿ ಕುಸುಮಾ ಸಂತೆಗೆಂದು ಹೊರಟ ಮೇಲೆ ಪುಸ್ತಕ ಇರುವುದಿಲ್ಲ. ಅವಳು ಸಂಜೆ ಬಂದ ಮೇಲೆ ಬೀರುವಿನಲ್ಲಿ ಇದ್ದಲ್ಲೇ ಇರುತ್ತದೆ.

ಚಿದಾನಂದ ಶನಿವಾರಸಂತೆಯ ಸೊಸೈಟಿಯೊಂದರಲ್ಲಿ ಗುಮಾಸ್ತ. ಮನೆ ಬಜೆಟ್ ಹಾಕುವುದರಲ್ಲಿ ತನ್ನನ್ನು ಮೀರಿಸುವವರು ಊರಲ್ಲಿಲ್ಲ ಎಂದು ಅವನ ನಂಬಿಕೆ. ಪ್ರತಿ ತಿಂಗಳು ಒಂದನೇ ತಾರೀಖು ಆ ಪುಸ್ತಕದಲ್ಲಿ ಬಜೆಟ್ ಬರೆದು ಹೆಂಡತಿಗೂ ಮಗಳು ಚಂದನಾಳಿಗೂ ನಿಂತುಕೊಂಡೇ ಓದಿ ಹೇಳುತ್ತಿದ್ದ. ಅದರ ಪ್ರಕಾರ ಮನೆಯ ಹಾಲು ಒಂದು ಲೀಟರಿನಿಂದ ಮುಕ್ಕಾಲಿಗೆ ಇಳಿದಿತ್ತು. ಅವನು ಹೋಟೆಲಿನಲ್ಲಿ ದಿನಾ ತಿನ್ನುವ ಬೋಂಡ ಮಾತ್ರ ‘ಇತರೆ’ ಎಂಬ ಹೆಸರಿನಲ್ಲಿ ಮರ್ಯಾದೆಯಿಂದ ಬದುಕಿತ್ತು. ಗ್ಯಾಸ್ ಸಿಲಿಂಡರ್ ಪ್ರತಿ ಸಲವೂ ‘ಅನಿರೀಕ್ಷಿತ ಖರ್ಚು’. ಚಂದನಾಳ ಕಾಲೇಜು ಫೀಸೂ ಅಷ್ಟೇ, ವರ್ಷ ವರ್ಷವೂ ಅವನಿಗೆ ಹೊಸ ಆಘಾತ. ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ‘ಉಳಿತಾಯ: ಐದು ಸಾವಿರ’ ಎಂದು ಬರೆದು, ಇಪ್ಪತ್ತನೇ ತಾರೀಖಿನ ಹೊತ್ತಿಗೆ ಕುಸುಮಾಳ ಹತ್ತಿರ ಕೈಚಾಚುತ್ತಿದ್ದ.

ಕಳೆದ ವಾರ ಪುಸ್ತಕ ವಾಪಸು ಬಂದಾಗ ಕೆಲವು ಸಾಲುಗಳ ಪಕ್ಕ ಪೆನ್ಸಿಲಿನ ಸಣ್ಣ ಗುರುತುಗಳಿದ್ದವು. ಅದೇ ದಿನ ಅಡುಗೆಮನೆಯಲ್ಲಿ ಹೊಸ ಕುಕ್ಕರ್ ಕೂಗಿತು.

“ಇದಕ್ಕೆ ದುಡ್ಡು ಎಲ್ಲಿಂದ ಬಂತು?”

“ನಿಮ್ಮ ಪುಸ್ತಕದಿಂದ್ಲೇ ಬಂತು ಅಂದ್ಕೊಳ್ಳಿ,” ಎಂದಳು ಕುಸುಮಾ, ಅಕ್ಕಿ ತೊಳೆಯುತ್ತ.

ಅಂದಿನಿಂದ ಅವನಿಗೆ ಮನೆಯ ಊಟ ಸೇರಲಿಲ್ಲ. ಬೋಂಡ ಸೇರುತ್ತಿತ್ತು. ಎಲ್ಲೆಲ್ಲಿ ಹಣ ಎಗರಿಸಬಹುದೆಂದು ಗುರುತು ಹಾಕಿಕೊಂಡಿದ್ದಾಳೆ! ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ಕುಕ್ಕರಿಗಾಗಿ ಇಂಥ ಮೋಸವೇ? ಕೇಳಿದ್ದರೆ ಕೊಡಿಸುತ್ತಿರಲಿಲ್ಲವೇ?

ಕೊಡಿಸುತ್ತಿರಲಿಲ್ಲ. ಎರಡು ಸಲ ಕೇಳಿದ್ದಳು.

ಇವತ್ತು ರೆಡ್‌ಹ್ಯಾಂಡಾಗಿ ಹಿಡಿಯಬೇಕೆಂದು ಚಪ್ಪಲಿ ಮೆಟ್ಟಿ ಹೊರಟ. ಸಂತೆಯಲ್ಲಿ ಕುಸುಮಾ ಕಾಣಲಿಲ್ಲ. ದಿನಸಿ ಅಂಗಡಿಯ ಲೋಕೇಶನನ್ನು ಕೇಳಿದ.

“ಅಕ್ಕ ಪಂಚಾಯ್ತಿ ಹಾಲ್‌ಗೆ ಹೋದ್ರಲ್ಲಣ್ಣ. ನಮ್ಮನೆಯವ್ಳೂ ವಾರವಾರ ಅಲ್ಲಿಗೇ ಹೋಗೋದು. ಮನೆಗೆ ಬಂದ್ರೆ ಬರೀ ನಿಮ್ದೇ ಮಾತು ಕಣಣ್ಣ!”

ನನ್ನ ಮಾತೇ? ಚಿದಾನಂದ ಪಂಚಾಯ್ತಿ ಹಾಲ್‌ಗೆ ಹೋಗಿ ಕಿಟಕಿಗೆ ಮುಖ ಒತ್ತಿದ. ಒಳಗೆ ಮೂವತ್ತು ಹೆಂಗಸರು ನೋಟ್‌ಬುಕ್ ಹಿಡಿದು ಕೂತಿದ್ದರು. ಗೋಡೆಯ ಮೇಲೆ ‘ಮಹಿಳಾ ಸಂಘ: ಮನೆ ಬಜೆಟ್ ತರಬೇತಿ. ಕಲಿಸುವವರು: ಕುಸುಮಾ’ ಎಂಬ ಬ್ಯಾನರ್. ಮೇಜಿನ ಮೇಲೆ ಅವನ ಪುಸ್ತಕ. ಕಪ್ಪುಹಲಗೆಯ ಮೇಲೆ, ಉಳಿತಾಯದಿಂದ ಹಿಡಿದು ‘ಇತರೆ’ಯವರೆಗೆ, ಅವನ ಇಡೀ ಬಜೆಟ್!

ಅವನ ಕಣ್ಣು ಮಂಜಾಯಿತು. ಹಾಗಾದರೆ ಕುಕ್ಕರ್ ಬಂದದ್ದು ಪಾಠ ಹೇಳಿದ ಸಂಬಳದಲ್ಲಿ. ಇಂಥವಳನ್ನು ಕಳ್ಳಿ ಅಂದುಕೊಂಡೆನಲ್ಲ! ನನ್ನ ವಿದ್ಯೆಯನ್ನು ಊರಿಗೇ ಹಂಚುತ್ತಿದ್ದಾಳೆ. ಹೇಳಲು ನಾಚಿಕೆಪಟ್ಟಿರಬೇಕು, ಪಾಪ.

ಕಾಲರ್ ಸರಿಮಾಡಿಕೊಂಡು ಒಳಗೆ ನಡೆದ. ಕುಸುಮಾಳ ಕೈಯಿಂದ ಸೀಮೆಸುಣ್ಣ ಬಿತ್ತು.

“ರೀ, ನೀವ್ಯಾಕೆ ಬಂದ್ರಿ?”

“ಒಂದು ಮಾತು ಹೇಳಿದ್ರೆ ನಾನೇ ಬಂದು ಪಾಠ ಮಾಡ್ತಿರ್ಲಿಲ್ವಾ?” ಎಂದವನು ಸಭೆಯತ್ತ ತಿರುಗಿದ. “ಈ ಬಜೆಟ್ ಹಾಕಿದ್ದು ನಾನೇ ಕಣ್ರಮ್ಮ. ಏನಾದ್ರೂ ಅನುಮಾನ ಇದ್ರೆ ಸಂಕೋಚ ಬೇಡ, ಕೇಳಿ.”

ಮುಂದಿನ ಸಾಲಿನಲ್ಲಿದ್ದ ಕವನಾ ಎಂಬ ಹುಡುಗಿ ಖುಷಿಯಿಂದ ಕೈ ಎತ್ತಿದಳು.

“ಸಾರ್, ಇದ್ರಲ್ಲಿ ಹದಿಮೂರು ತಪ್ಪಿದೆ, ಹುಡುಕಿ ಅಂದಿದ್ರು ಅಕ್ಕ. ಹನ್ನೆರಡು ಸಿಕ್ತು, ಇನ್ನೊಂದು ಯಾವ್ದು ಅಂತ ನೀವೇ ಹೇಳ್ಬಿಡಿ ಸಾರ್.”