ಮೊದಲ ಪಾತರಗಿತ್ತಿ

ದಸರೆ ಕಳೆದ ಮೇಲೆ ವಲಸೆ ಬರುವ ಪಾತರಗಿತ್ತಿಗಳ ಬೆನ್ನಿಗೇ ಸುಡುಗಾಳಿ ಬರುತ್ತಿತ್ತು. ಊರಲ್ಲಿ ನಿಂತವರು ಉಳಿಯುತ್ತಿರಲಿಲ್ಲ. ಮೊದಲನೆಯದು ಕಂಡೊಡನೆ ಬಾಳವ್ವ ನೀರಿನ ಟಾಕಿಯ ಮೇಲಿಂದ ಗಂಟೆ ಬಾರಿಸಬೇಕು, ಊರಿಗೆ ಊರೇ ಗಾಡಿ ಹತ್ತಿ ಹೊರಡಬೇಕು.

ಈ ಸಲ ಟಾಕಿಯ ಕೆಳಗೇ ಇದ್ದ ಬಾಳವ್ವನ ಮನೆಯಲ್ಲಿ ಅವಳ ಸೊಸೆ ಹೆರಿಗೆ ಬೇನೆ ತಿನ್ನುತ್ತಿದ್ದಳು. ಗಾಡಿಯ ಕುಲುಕಾಟಕ್ಕೆ ಅವಳು ಬದುಕುವುದಿಲ್ಲ ಎಂದಿದ್ದಳು ಸೂಲಗಿತ್ತಿ. ಅಷ್ಟರಲ್ಲಿ ಪಾತರಗಿತ್ತಿಯೊಂದು ಬಂದು ಗಂಟೆಯ ಮೇಲೇ ಕೂತಿತು. ಬಾಳವ್ವ ಅದನ್ನು ಮೆಲ್ಲಗೆ ಸೆರಗಿನಲ್ಲಿ ಮುಚ್ಚಿಕೊಂಡಳು.

"ಬಂದ್ವೇನಬೇ?" ಗಾಡಿಗಳ ಮುಂದೆ ನಿಂತಿದ್ದ ಮೌಲಾಸಾಬ ಕೂಗಿದ.

"ಒಂದೂ ಇಲ್ಲೋ!" ಎಂದು ಬಗ್ಗಿ ನೋಡಿದಳು. ಅವನ ರುಮಾಲಿನ ಮೇಲೇ ಐದಾರು ಕೂತಿದ್ದವು, ಎತ್ತುಗಳ ಕೊಂಬಿನ ಮೇಲೂ.

ಮೌಲಾಸಾಬ ಅವಳ ಮನೆಯತ್ತ ಒಮ್ಮೆ ನೋಡಿ, ಎತ್ತುಗಳ ಕೊರಳಿಂದ ನೊಗ ಇಳಿಸಿದ.

"ಹೌದ್ಬೇ, ಇಲ್ಲೂ ಒಂದೂ ಕಾಣವಲ್ದು."